ಐದನೆಯ ಹರಿಗೋಲಿನ ಕೂಗು

ಭಾದ್ರಪದದ ಕೃಷ್ಣೆಯನ್ನು ತಾವು ಕಂಡಿರುವಿರಾ, ಸಹೃದಯರೇ? ಕಂಡಿಲ್ಲವಾದರೆ ಈ ಕಥೆಗಾರನ ಮೇಲೆ ತುಸು ಕನಿಕರವಿರಲಿ. ಮಾತಿಗೆ ಒಗ್ಗದ ಆ ಜಲರಾಶಿಯನ್ನು ಮಾತಿನಲ್ಲೇ ತೋರಿಸಹೊರಟ ಹುಂಬ ನಾನು! ಸಹ್ಯಾದ್ರಿಯ ಕಾಣದ ಕಣಿವೆಗಳಲ್ಲಿ ಸುರಿದ ಮಳೆಯೆಲ್ಲ ದಿನಗಟ್ಟಲೆ ನಡೆದು ಬಂದು, ಕೃಷ್ಣಾ ಗ್ರಾಮದ ರೈಲುಸೇತುವೆಯ ಕಂಬಗಳನ್ನು ಅಪ್ಪಿಕೊಂಡು, ಮುಂದೆ ಭೀಮೆಯನ್ನು ಕೂಡಿ ಇಮ್ಮಡಿಯಾಗಿ, ಮಖ್ತಲದ ಹೊಲಗಳನ್ನು ಎಡಕ್ಕೂ ರಾಯಚೂರ ಸೀಮೆಯ ಬಂಡೆಗಳನ್ನು ಬಲಕ್ಕೂ ಬಿಟ್ಟು, ಗದ್ವಾಲದ ಕಡೆಗೆ ಗಂಭೀರವಾಗಿ ಸಾಗುವ ಆ ನಸುಗೆಂಪು ಪ್ರವಾಹ... ಪ್ರಾತಃಕಾಲದ ಎಳೆಬಿಸಿಲು ಬಿದ್ದಾಗ ಅದು ಕಾಸಿದ ಬೆಲ್ಲದ ಪಾಕದಂತೆ ಹೊಳೆಯುತ್ತದೆ. ಸಜ್ಜೆಯ ತೆನೆಗಂಪು, ಒದ್ದೆ ಮಣ್ಣಿನ ವಾಸನೆ, ಎಲ್ಲೋ ದೂರದ ಕುರಿಮಂದೆಯ ಘಂಟಾನಾದ, ಎಲ್ಲವೂ ಆ ನೀರಿನ ಮೇಲೆಯೇ ತೇಲಿ ಬರುತ್ತವೆ! ಇಂಥ ಹೊಳೆಯ ಮೇಲೆ ಕುಳಿತವನ ಮನಸ್ಸಿನಲ್ಲಿ ಕೇಡು ಮೂಡೀತೆಂದು ಯಾರು ತಾನೇ ನಂಬುತ್ತಾರೆ? ಆದರೂ ಮೂಡಿತು, ಅದನ್ನೇ ಈಗ ಹೇಳಬೇಕಾಗಿದೆ.

ಆಗಿನ್ನೂ ನಿಜಾಮರ ರಾಜ್ಯ. ಕೃಷ್ಣಾ ಗ್ರಾಮದ ಕುರುಬರು ಚಳಿಗಾಲಕ್ಕೆ ಮುಂಚೆ ನೇಯ್ದ ಕಂಬಳಿಗಳನ್ನು ಹೊಳೆಯ ದಾರಿಯಲ್ಲೇ ಇಟಿಕ್ಯಾಲದ ಸಂತೆಗೆ ಒಯ್ಯುತ್ತಿದ್ದರು. ಬಿದಿರಿನ ಹೆಣಿಗೆಗೆ ಎಮ್ಮೆಯ ತೊಗಲು ಬಿಗಿದ ದುಂಡನೆಯ ಹರಿಗೋಲುಗಳು ಐದು. ಮೂರು ಹಗಲಿನ ಪಯಣ. ಹರಿಗೋಲು ಹೊಳೆಯ ಜೊತೆಗೆ ಹೋಗಬಲ್ಲದೇ ಹೊರತು ಎದುರು ಬರಲಾರದು. ಹಾಗಾಗಿ ಹೋಗುವಾಗ ಹರಿಗೋಲು ಇವರನ್ನು ಹೊತ್ತರೆ, ಬರುವಾಗ ಇವರೇ ಅದನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ವಾರವಿಡೀ ನಡೆಯುವರು! ಒಬ್ಬನ ರೊಟ್ಟಿಗೆ ಇನ್ನೊಬ್ಬನ ಪುಂಡಿಪಲ್ಲೆ, ಒಬ್ಬನ ಹಾಡಿಗೆ ಇನ್ನೊಬ್ಬನ ಸೊಲ್ಲು, ಯಾರ ಹರಿಗೋಲು ಸೋರಿದರೂ ಐವರ ಕೈಯೂ ಆ ತೊಗಲಿನ ಮೇಲೆ... ಊರಿನಲ್ಲಿ ಮಾತು ಬಿಟ್ಟವರೂ ಹೊಳೆಯ ಮೇಲೆ ಅಣ್ಣತಮ್ಮಂದಿರಾಗುತ್ತಿದ್ದರು.

ಆ ಜಲಬಾಂಧವ್ಯಕ್ಕೆ ಒಂದೇ ಒಂದು ಕಟ್ಟಳೆ. ಬಂಡೆಗಳ ಮರೆಯಲ್ಲಿ ಒಬ್ಬರಿಗೊಬ್ಬರು ಕಾಣದಾಗುವ ಪ್ರತಿ ತಿರುವಿನಲ್ಲೂ ಮುಂದಿನ ಹರಿಗೋಲಿನವರು 'ಏಳುಕೋಟಿಗೋ...' ಎಂದು ಮೈಲಾರದೇವರ ಹೆಸರೆತ್ತಿ ಕೂಗಬೇಕು. ಹಿಂದಿನ ನಾಲ್ವರೂ ಒಬ್ಬರಾದ ಮೇಲೊಬ್ಬರು 'ಚಾಂಗಮಲೋ' ಎಂದು ಓಗೊಡಬೇಕು. ನಾಲ್ಕು ದನಿ ಬಾರದಿದ್ದರೆ ಎಲ್ಲರೂ ದಂಡೆಗೆ ಹಚ್ಚಿ, ಹಿಂದಕ್ಕೆ ಓಡಿ, ಬಾರದವನನ್ನು ಹುಡುಕಬೇಕು. ಒಬ್ಬನ ಸರದಿಯನ್ನು ಇನ್ನೊಬ್ಬ ಕೂಗುವಂತಿಲ್ಲ. ಹೊರಡುವ ಮುನ್ನ ಹಣೆಗೆ ದೇವರ ಅರಿಸಿನವಾದ ಭಂಡಾರ ಹಚ್ಚಿಕೊಂಡು ಕೊಡುವ ಮಾತು ಅದು. ತಪ್ಪಿದವನಿಗೆ ಆ ಸಾಲಿನಲ್ಲಿ ಮತ್ತೆ ಜಾಗವಿರಲಿಲ್ಲ.

ಮುಂದಿನ ಹರಿಗೋಲು ಹಿರಿಯ ಚಂದ್ರಯ್ಯನದು. ಕೆಮ್ಮಿನಿಂದ ಅವನ ಗಂಟಲು ಉಡುಗಿಹೋಗಿದ್ದರಿಂದ ಕೂಗುವ ಕೆಲಸ ಮಗಳು ಮೈಲಮ್ಮನ ಪಾಲಿಗೆ ಬಂದಿತ್ತು. ಅಯ್ಯೋ, ಆ ಕಂಠ! ಬಂಡೆಯಿಂದ ಬಂಡೆಗೆ ತಾಗಿ, ನೀರಿನ ಭೋರ್ಗರೆತವನ್ನು ಸೀಳಿ ಅದು ಹಿಂದಕ್ಕೆ ಬರುವಾಗ ನಾಲ್ಕನೆಯ ಹರಿಗೋಲಿನ ಆಶಪ್ಪ ಹುಟ್ಟು ಹಾಕುವುದನ್ನೇ ಮರೆಯುತ್ತಿದ್ದ. ಇಪ್ಪತ್ತಮೂರರ ಹರೆಯ, ಹೆತ್ತವರಿಲ್ಲದ ಒಂಟಿ ಜೀವ. ಪ್ರತಿ ತಿರುವಿನಲ್ಲೂ ಆ ಕರೆ ತನ್ನೊಬ್ಬನಿಗೇ ಬಂದಿತೆಂದು ನಂಬುವಷ್ಟು ಮರುಳ! ಅವನ ಓಗೊಡುವ ದನಿಗೆ ಅವಳೂ ಕಿವಿಗೊಟ್ಟು ಕೂರುತ್ತಿದ್ದಳೆಂಬುದು ಅವನಿಗೆ ತಿಳಿಯದು. ಇಬ್ಬರೂ ಬಾಯಿಬಿಟ್ಟು ಆಡಿದ್ದು ಏನೂ ಇಲ್ಲ, ಆಡುವಂತೆಯೂ ಇರಲಿಲ್ಲ. ಏಕೆಂದರೆ ಮೈಲಮ್ಮ ಹುಟ್ಟಿದಂದೇ ಚಂದ್ರಯ್ಯನ ತಂಗಿ ಕುರುಮಮ್ಮನ ಮಗ ಎಲ್ಲಪ್ಪನಿಗೆಂದು ಮಾತಾಗಿತ್ತು. ಆ ಎಲ್ಲಪ್ಪನೇ ಐದನೆಯ ಹರಿಗೋಲಿನವನು. ಆಶಪ್ಪನ ಜೀವದ ಗೆಳೆಯ.

ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಅವರು ಹೊರಟಾಗ ಊರೂರಲ್ಲಿ ಗುಸುಗುಸು ಇತ್ತು, ಸ್ಪಷ್ಟ ಸುದ್ದಿ ಇರಲಿಲ್ಲ. ಎರಡನೆಯ ದಿನ ಮುಂಜಾನೆ, ಕುರುವಪುರದ ನಡುಗಡ್ಡೆಯನ್ನು ಬಿಡುವಾಗ, ಭಾರತದ ಸೈನ್ಯ ಗಡಿ ದಾಟಿ ಬಂದಿದೆಯೆಂದೂ, ದಿಕ್ಕೆಟ್ಟ ರಜಾಕಾರರು ಹೊಳೆ ದಾಟಲು ಸಿಕ್ಕಸಿಕ್ಕ ಹರಿಗೋಲು ಕಸಿಯುತ್ತಿದ್ದಾರೆಂದೂ ದಂಡೆಯವರು ತೆಲುಗಿನಲ್ಲಿ ಕೂಗಿ ಹೇಳಿದರು. ಎಲ್ಲರ ಮುಖವೂ ಸಣ್ಣದಾಯಿತು. ಎಲ್ಲಪ್ಪನ ಮುಖ ಮಾತ್ರ ಅರಳಿತ್ತು! ಅವನು ಆಶಪ್ಪನ ಹೆಗಲ ಮೇಲೆ ಕೈಯಿಟ್ಟು, ದಸರೆ ಮುಗಿಯುತ್ತಲೇ ಮದುವೆಯೆಂದು ಮಾವ ಹೇಳಿದ್ದನ್ನು ತಿಳಿಸಿ, ಮದುಮಗನ ಪಕ್ಕದಲ್ಲಿ ಜೋಡಿಯಾಗಿ ನೀನೇ ಕೂರಬೇಕೆಂದು ಕೇಳಿದ. ಆಶಪ್ಪ ನಕ್ಕು ಹೂಂ ಎಂದ. ಆ ನಗೆಗಾಗಿ ಅವನು ಎಷ್ಟು ಕಷ್ಟಪಟ್ಟನೆಂಬುದನ್ನು ಗೆಳೆಯ ಗಮನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಳೆ ಇಕ್ಕಟ್ಟಾಗಿ, ಹೆಬ್ಬಂಡೆಗಳ ನಡುವೆ ಸುಳಿಸುಳಿಯಾಗಿ ಇಳಿಯುವ, ಗದ್ವಾಲಕ್ಕೆ ಮುಂಚಿನ ಕೊನೆಯ ತಿರುವು ಬಂತು. ಎಡದಂಡೆಯ ಮೇಲೆ ಬಂದೂಕು ಹಿಡಿದ ಏಳೆಂಟು ಜನರ ಗುಂಪು. ಮುಂದಿನಿಂದ ಮೈಲಮ್ಮನ ಕೂಗು ತೇಲಿ ಬಂತು... ಏಳುಕೋಟಿಗೋ! ಎರಡನೆಯವನು ಓಗೊಟ್ಟ, ಮೂರನೆಯವನು ಓಗೊಟ್ಟ, ಆಶಪ್ಪನೂ ಓಗೊಟ್ಟ. ಹಿಂದಿನಿಂದ ದನಿ ಬರಲಿಲ್ಲ. ಅವನು ತಿರುಗಿ ನೋಡಿದ. ಬಂಡೆಯ ಹೊರತು ಏನೂ ಕಾಣದು. ಮತ್ತೊಮ್ಮೆ ಅವಳ ಕೂಗು ಬಂತು, ಈ ಸಲ ಆತಂಕದಿಂದ. ನಿಂತರೆ ಬಂದೂಕಿನವರ ಕೈಗೆ ಎಲ್ಲರೂ ಸಿಕ್ಕಿಬೀಳುವೆವು ಎಂದು ಬುದ್ಧಿ ಹೇಳಿತು. ಆ ಬುದ್ಧಿಯ ಅಡಿಯಲ್ಲಿ ಇನ್ನೊಂದು ಮಾತೂ ಇತ್ತು, ಓದುಗರೇ. ಅದನ್ನು ಮುಚ್ಚಿಟ್ಟರೆ ನಾನು ಕಥೆಗಾರನಾಗಲಾರೆ. ಇವಳು ಇಷ್ಟು ಕಳವಳದಿಂದ ಕರೆಯುವುದು ಅವನನ್ನೇ ಅಲ್ಲವೇ ಎಂಬ ಹೊಟ್ಟೆಕಿಚ್ಚು! ಆಶಪ್ಪ ಅಂಗೈಯನ್ನು ಬಾಯಿಗಡ್ಡ ಹಿಡಿದು, ಎಲ್ಲಪ್ಪನಂತೆ ದನಿ ಬದಲಿಸಿ, 'ಚಾಂಗಮಲೋ' ಎಂದು ಕೂಗಿಬಿಟ್ಟ. ನಾಲ್ಕು ದನಿ ಬಂದವೆಂದು ಸಾಲು ಮುಂದೆ ಸಾಗಿತು.

ಅಂದು ಸಂಜೆ ಗದ್ವಾಲದ ದಂಡೆಗೆ ನಾಲ್ಕೇ ಹರಿಗೋಲು ಬಂದವು. ಆ ತಿರುವಿನಲ್ಲಿ ಎಲ್ಲಪ್ಪ ಓಗೊಟ್ಟದ್ದನ್ನು ಎಲ್ಲರೂ ಕಿವಿಯಾರೆ ಕೇಳಿದ್ದರು. ಅಂದಮೇಲೆ ಅಲ್ಲಿಂದ ಈಚೆಗೆ ಬಂದೂಕಿನವರು ಹಿಡಿದೊಯ್ದಿರಬೇಕೆಂದು ನಿಶ್ಚಯಿಸಿ ಈಚಿನ ದಂಡೆಯನ್ನೆಲ್ಲ ಎರಡು ದಿನ ಜಾಲಾಡಿದರು. ಆಶಪ್ಪ ಮಾತ್ರ ಒಬ್ಬನೇ ತಿರುವಿನವರೆಗೆ ಓಡಿದ. ಬಂಡೆಯ ಸಂದಿಯಲ್ಲಿ ಹರಿಗೋಲಿನ ಮುರಿದ ಹೆಣಿಗೆ, ಅದರ ಹಗ್ಗಕ್ಕೆ ಸುತ್ತಿಕೊಂಡ ಎಲ್ಲಪ್ಪನ ಕೆಂಪು ರುಮಾಲು! ಗೆಳೆಯನ ಹೆಸರು ಹಿಡಿದು ಕೂಗಿದ, ನೀರಿಗಿಳಿದು ತಡಕಾಡಿದ, ತಲೆ ಚಚ್ಚಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಅವನು ಮಾಡಿದ ಕೆಲಸವನ್ನು ಹೇಳಲು ನನಗೇ ನಾಚಿಕೆ... ಅವು ಅಲ್ಲಿದ್ದರೆ ತನ್ನ ಕೂಗು ಬಯಲಾದೀತೆಂದು ಹೆಣಿಗೆಯನ್ನೂ ರುಮಾಲನ್ನೂ ಕೈಯಾರೆ ತಳ್ಳಿ ಪ್ರವಾಹಕ್ಕೆ ಬಿಟ್ಟ. ಹಿಂದಿರುಗಿ ಬಂದು ಏನೂ ಸಿಗಲಿಲ್ಲವೆಂದ.

ವಾರದೊಳಗೆ ನಿಜಾಮರ ಆಳ್ವಿಕೆ ಮುಗಿಯಿತು. ಸೆರೆಯಲ್ಲಿದ್ದವರೂ ಊರು ಬಿಟ್ಟು ಓಡಿಹೋದವರೂ ರೈಲು ಹತ್ತಿ ಮನೆಗೆ ಬರತೊಡಗಿದರು. ಸತ್ತರೆಂದು ತಿಥಿ ಮಾಡಿಸಿಕೊಂಡಿದ್ದವರೂ ಗಡ್ಡ ಬಿಟ್ಟುಕೊಂಡು ಬಂದಿಳಿದರು! ಇದನ್ನು ಕಂಡ ಕುರುಮಮ್ಮ ದಿನವೂ ಕೃಷ್ಣಾ ನಿಲ್ದಾಣದ ಬೇವಿನ ಮರದಡಿ ಕೂರತೊಡಗಿದಳು. ವಿಧವೆಗೆ ಅವನೊಬ್ಬನೇ ಮಗ. ಇಳಿದವರ ಮುಖವನ್ನೆಲ್ಲ ನೋಡುವಳು. ನಾಳೆ ಬರುತ್ತಾನೆಂದು ತನಗೆ ತಾನೇ ಹೇಳಿಕೊಂಡು ಏಳುವಳು. ಅವಳ ದೃಷ್ಟಿ ಮಂದವಾಗುತ್ತ ಬಂದ ಹಾಗೆ ಆಶಪ್ಪನೇ ಕೈಹಿಡಿದು ಮನೆಗೆ ಬಿಟ್ಟು ಬರುತ್ತಿದ್ದ. ನನ್ನ ಮಗನ ಗೆಳೆಯ ಎಂಥ ಪುಣ್ಯಾತ್ಮ ಎಂದು ಅವಳು ದಾರಿಯುದ್ದಕ್ಕೂ ಹೊಗಳುವಳು. ಒಂದೊಂದು ಹೊಗಳಿಕೆಯೂ ಅವನ ಕರುಳನ್ನು ಕೊಯ್ಯುತ್ತಿತ್ತು. ಆದರೂ ನಿಜವನ್ನು ಹೇಳದೆ ಮರುದಿನ ಮತ್ತೆ ಅವಳ ಕೈಹಿಡಿಯುತ್ತಿದ್ದ.

ವರ್ಷ ತುಂಬಿತು. ಮತ್ತೆ ಭಾದ್ರಪದ, ಮತ್ತೆ ಕೆಂಪು ನೀರು! ಚಂದ್ರಯ್ಯ ಆಶಪ್ಪನನ್ನು ಕರೆಸಿ, ಎಷ್ಟು ದಿನವೆಂದು ಕಾಯುವುದು, ಮಗಳ ವಯಸ್ಸು ನಿಲ್ಲುವುದಿಲ್ಲ, ನಿನ್ನ ಮೇಲೆ ಅವಳ ಮನಸ್ಸಿರುವುದು ಈಗ ನನಗೂ ಗೊತ್ತಾಗಿದೆ, ಕೈಹಿಡಿಯುವೆಯಾ ಎಂದು ಕೇಳಿದ. ಜನ್ಮವಿಡೀ ಬೇಡಿಕೊಂಡ ವರ ತಾನಾಗಿ ಬಾಗಿಲಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮೈಲಮ್ಮ ಅವನವಳು. ತೆರೆದರೆ ಅವಳೂ ಇಲ್ಲ, ಹೊಳೆಯ ಗೆಳೆಯರೂ ಇಲ್ಲ. ಅವನು ಒಂದು ದಿನದ ಗಡುವು ಕೇಳಿ ಹೊಳೆಯ ಕಡೆಗೆ ನಡೆದ.

ದಂಡೆಯಲ್ಲಿ ಮೈಲಮ್ಮ ಹೊಸ ತೊಗಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಆಶಪ್ಪ ನಿಂತಲ್ಲೇ ನಿಂತು, ನೀರನ್ನು ನೋಡುತ್ತ, ಕೂಗಿದ್ದನ್ನೂ ರುಮಾಲನ್ನು ತಳ್ಳಿದ್ದನ್ನೂ ಒಂದೂ ಬಿಡದೆ ಹೇಳಿದ. ಅವಳ ಕೈ ನಿಂತಿತು. ಬೈಯುವಳು, ಎದ್ದು ಹೋಗುವಳು ಎಂದುಕೊಂಡಿದ್ದ ಅವನಿಗೆ ಕೇಳಿದ್ದು ಬೇರೆಯೇ ಮಾತು.

"ಕಡೀ ದನಿ ನಿಂದ ಅಂತ ನನಗ ಅವತ್ತ ತಿಳಿದಿತ್ತು. ಇಬ್ರೂ ಕೂಡಿ ಚ್ಯಾಷ್ಟಿ ಮಾಡಾಕ ಹತ್ತ್ಯಾರ ಅಂದ್ಕೊಂಡೆ... ನಕ್ಕೆ ಕೂಡ. ಆಮ್ಯಾಲ ಹೇಳಾಕ ಧೈರ್ಯ ಆಗಲಿಲ್ಲ."

ಆ ನಗೆಯನ್ನು ನೆನೆದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪ್ರೇಮಿಗಳು ಮೊದಲ ಬಾರಿಗೆ ಮನಬಿಚ್ಚಿ ಆಡುವ ಮಾತು ಮಧುರವಾಗಿರಬೇಕೆಂದು ಕವಿಗಳು ಹೇಳುತ್ತಾರೆ. ಈ ಇಬ್ಬರು ದುರ್ದೈವಿಗಳಿಗೆ ದಕ್ಕಿದ್ದು ಈ ಮಾತು! ಅವಳು ಕಣ್ಣೊರೆಸಿಕೊಂಡು ಎದ್ದಳು.

"ನನಗ ಹೇಳಿ ಹಗುರ ಆಗಬ್ಯಾಡ. ಅತ್ತೀ ಮುಂದ ಹೇಳು, ನಾನೂ ಬರ್ತೀನಿ. ಅಲ್ಲೀತನಾ ನನ್ನ ಕೈ ಮುಟ್ಟಬ್ಯಾಡ."

ನಿಲ್ದಾಣಕ್ಕೆ ಅವರು ಹೋದಾಗ ವಾಡಿಯ ಕಡೆಯ ಗಾಡಿ ಇನ್ನೂ ಬಂದಿರಲಿಲ್ಲ. ಭಾದ್ರಪದದ ಬಿಳಿ ಬಿಸಿಲು ಹಳಿಗಳ ಮೇಲೆ ನಿಶ್ಚಲವಾಗಿತ್ತು. ಬೇವಿನ ನೆರಳಲ್ಲಿ ಕುರುಮಮ್ಮ ಹಣೆಗೆ ಅಂಗೈ ಅಡ್ಡ ಹಿಡಿದು ಕೂತಿದ್ದಳು. ಆಶಪ್ಪ ಅವಳ ಕಾಲ ಬಳಿ ನೆಲಕ್ಕೆ ಕುಸಿದು ಹೇಳತೊಡಗಿದ. ನಡುವೆ ಗಾಡಿ ಬಂತು. ಜನ ಇಳಿದರು, ಜನ ಹತ್ತಿದರು, ಗಾಡಿ ಹೋಯಿತು. ಕುರುಮಮ್ಮ ಆ ದಿನ ಮೊದಲ ಸಲ ಇಳಿದವರತ್ತ ತಲೆಯೆತ್ತಿ ನೋಡಲಿಲ್ಲ.

ಮೈಲಮ್ಮ ಅವಳ ಬೆನ್ನಿಗೆ ಕೈಯಿಟ್ಟಳು. ಮುದುಕಿ ಆ ಕೈಯನ್ನು ಮೆಲ್ಲಗೆ ಸರಿಸಿದಳು. ಅವಳಿಗೆ ಅಳುವೂ ಬರಲಿಲ್ಲ. ರುಮಾಲು ಕೆಂಪಿತ್ತೋ ಎಂದೊಮ್ಮೆ ಕೇಳಿದಳು, ಹೌದೆಂದ. ಅದು ತಾನೇ ಕೊಡಿಸಿದ್ದೆಂದಳು. ಆಮೇಲೆ ಆಡಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಆಶಪ್ಪನಿಗೆ ಅದನ್ನು ಕೇಳಿ ತಾಳಲಾಗಲಿಲ್ಲ.

"ನೀ ಕೂಗದಿದ್ರ ನನ್ನ ಮಗ ಉಳೀತಿದ್ನೋ ಇಲ್ಲೋ, ಅದು ಆ ದೇವ್ರಿಗೆ ಗೊತ್ತು. ಆದ್ರ ಒಂದ ವರ್ಷ ನನ್ನ ಈ ಗಿಡದ ಬುಡಕ ಕುಂದ್ರಿಸಿದವ ನೀನು."

"ಏನ್ ಶಿಕ್ಷಾ ಕೊಡ್ತಿ ಕೊಡು, ಕುರುಮವ್ವಾ," ಎಂದ ಆಶಪ್ಪ.

ಅವಳು ಅವನ ಮುಖವನ್ನು ಎರಡೂ ಕೈಗಳಿಂದ ಹಿಡಿದು, ಕುರುಡರು ತಡಕುವಂತೆ ತಡಕಿದಳು.

"ನನ್ನ ಮಗನ ಬದ್ಲಿ ನೀ ಓಗೊಟ್ಟಿ. ಇನ್ನ ಮ್ಯಾಲ ನಾ ಸಾಯೂತನಾ ಕರದಾಗೆಲ್ಲ ನೀನ ಓಗೊಡಬೇಕು."

ಹೀಗೆಂದು, ಕೈ ತೆಗೆಯದೆ, ಮನೆಯ ಒಳಗಿನಿಂದ ಹೊರಗಿರುವ ಮಗನನ್ನು ಊಟಕ್ಕೆ ಕರೆಯುವ ತಾಯಿಯ ದನಿಯಲ್ಲಿ ಕರೆದಳು.

"ಎಲ್ಲಪ್ಪಾ..."

ಅಂದು ಹೊಳೆಯ ಮೇಲೆ ಅಷ್ಟು ಸಲೀಸಾಗಿ ಹೊರಟ ದನಿ ಇಂದು ಹೊರಡಲಿಲ್ಲ. ಅವಳು ಕಾದಳು, ಮತ್ತೊಮ್ಮೆ ಕರೆದಳು. ಮೂರನೆಯ ಸಲಕ್ಕೆ ಆಶಪ್ಪ, ಕಣ್ಣೀರು ಅವಳ ಬೆರಳುಗಳ ಮೇಲೆ ಹರಿಯುತ್ತಿರಲು, "ಓ... ಯವ್ವಾ" ಎಂದ. ಆಗ ಅವಳು ಅತ್ತಳು. ವರ್ಷದಿಂದ ತಡೆದಿಟ್ಟ ಅಳುವನ್ನೆಲ್ಲ ಅತ್ತಳು.

ಚಂದ್ರಯ್ಯನಿಗೂ ಹೊಳೆಯ ಗೆಳೆಯರಿಗೂ ಅವನೇ ನಿಜ ಹೇಳಿದ. ಕಟ್ಟಳೆ ಕಟ್ಟಳೆಯೇ. ಹೊಳೆಯ ಸಾಲಿನಲ್ಲಿ ಅವನಿಗೆ ಮತ್ತೆ ಜಾಗ ಸಿಗಲಿಲ್ಲ, ಅವನು ಕೇಳಲೂ ಇಲ್ಲ. ತಲೆ ಬೋಳಿಸಿಕೊಂಡು ಗೆಳೆಯನಿಗೆ ಎಳ್ಳುನೀರು ಬಿಟ್ಟ. ಮರುವರ್ಷ ಮೈಲಮ್ಮನ ಕೈಹಿಡಿದ. ಮದುಮಗನ ತಾಯಿಯ ಜಾಗದಲ್ಲಿ ಕುರುಮಮ್ಮನೇ ಕೂತಳು. ಅಂದಿನಿಂದ ಹದಿನೇಳು ವರ್ಷ ಅವಳು ಬದುಕಿದಳು, ಒಂದು ದಿನವೂ ಅವನನ್ನು ಅವನ ಹೆಸರಿನಿಂದ ಕರೆಯಲಿಲ್ಲ. ಅದು ಕ್ಷಮೆಯೋ ಶಿಕ್ಷೆಯೋ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನುಷ್ಯಹೃದಯದ ಆಳದಲ್ಲಿ ಇವೆರಡೂ ಒಂದೇ ಮನೆಯಲ್ಲಿ ವಾಸಿಸುತ್ತವೆಯೇನೋ, ಸಹೃದಯರೇ! ಕಳೆದುದನ್ನು ಮರಳಿಸುವ ಶಕ್ತಿ ಪಶ್ಚಾತ್ತಾಪಕ್ಕಿಲ್ಲ. ಆದರೆ ಉಳಿದವರ ಬಳಿ ಕೂತಿರುವ ಶಕ್ತಿಯನ್ನು ಅದು ಕೊಡುತ್ತದೆ, ಮತ್ತು ಪ್ರೀತಿಯೆಂಬುದು ಬಹುಮಟ್ಟಿಗೆ ಹಾಗೆ ಕೂತಿರುವುದೇ ಆಗಿದೆ. ಪ್ರತಿ ಸಲವೂ ಎಲ್ಲಪ್ಪನ ಹೆಸರು ಕೇಳಿದಾಗ ಅವನಿಗೆ ನೋಯುತ್ತಿತ್ತು, ಪ್ರತಿ ಸಲವೂ ಅವನು ಕೈಗೆ ಹಿಡಿದ ಕೆಲಸ ಬಿಟ್ಟು ಎದ್ದು ಅವಳ ಬಳಿಗೆ ಹೋಗುತ್ತಿದ್ದ.