ಮುಡಿಪಿನ ರೂಪಾಯಿಯಲ್ಲಿ ಜೋಡಿ ಇಸವಿ

ಸೋಮನೂರು ಸಂತೆಗೆ ಹೋದವರಿಗೆಲ್ಲ ಈಗ ಒಂದೇ ಹುಚ್ಚು. ಚಿಲ್ಲರೆ ಈಸಿಕೊಂಡರೆ ಜೇಬಿಗೆ ಹಾಕುವುದಿಲ್ಲ. ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅಕ್ಷರವೋ ಅಂಕಿಯೋ ಒಂದರ ಪಕ್ಕ ಒಂದು ಜೋಡಿಯಾಗಿ ಬಿದ್ದಿದ್ದರೆ ಆ ಕಾಸಿಗೆ ಸಾವಿರಾರು ರೂಪಾಯಿಯಂತೆ! ಯಾರು ಕೊಡುತ್ತಾರೆ ಅಂತ ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ.

ಮಗ್ಗದ ಮಾಯಣ್ಣನ ಮನೆಗೆ ಈ ಹುಚ್ಚು ದೇವರ ಕಾಸಿನ ಮೂಲಕ ಹೊಕ್ಕಿತು. ಹೋದ ವರ್ಷ ಮಗಳಿಗೆ ಕಾಮಾಲೆ ಬಂದಾಗ, ಹೆಂಡತಿ ಅಂಗಮ್ಮ ಒಂದು ರೂಪಾಯಿಯನ್ನು ಅರಿಶಿನ ಬಟ್ಟೆಯಲ್ಲಿ ಕಟ್ಟಿ ಆನೈಮಲೈ ಮಾಸಾಣಿಯಮ್ಮನಿಗೆ ಮುಡಿಪು ಇಟ್ಟಿದ್ದಳು. ಮಗಳು ಗುಣವಾದಳು. ನಾಳೆ ಹರಕೆ ತೀರಿಸಲು ಹೊರಡಬೇಕು ಅಂತ ಗಂಟು ಬಿಚ್ಚಿದರೆ, ರೂಪಾಯಿಯ ಇಸವಿ ಜೋಡಿಯಾಗಿ ಕಂಡಿತು!

"ಮಾಸಾಣಿಯಮ್ಮ ಇನ್ನೊಂದು ರೂಪಾಯಿ ಕೇಳ್ತಾವ್ಳೆ," ಅಂದಳು ಅತ್ತೆ ಸುಬ್ಬಾತಾಳ್.

"ಕೇಳ್ತಾ ಇಲ್ಲಮ್ಮಾ, ನಮಗೇ ಕೊಟ್ಟವ್ಳೆ!" ಅಂದ ಮಾಯಣ್ಣ. "ಸಂತೇಲಿ ವೆಲ್ಲಿಂಗಿರಿ ಇಂಥಾ ಕಾಸು ಒಂದು ಬೊಗಸೆ ಮಾರೋಕೆ ಮಡಗವ್ನೆ. ಅಂಗಮ್ಮಾ, ನಿನ್ನ ಕಿವಿ ಓಲೆ, ಆ ತೋಡು ಬಿಚ್ಚು. ಅದನ್ನ ಮಾರಿ ಅಷ್ಟೂ ಕಾಸು ತಕ್ಕೊಂಬಿಡ್ತೀನಿ."

ಅಂಗಮ್ಮನ ಕೈ ಕಿವಿಗೆ ಹೋಯಿತು. ಆ ತೋಡು ತೀರಿಹೋದ ಅವ್ವನದು. ಕೊಡಲು ಮನಸ್ಸಿಲ್ಲ. ಬೇಡ ಅನ್ನೋಣವೆಂದರೆ, ದೇವಿ ಕೊಟ್ಟಿದ್ದನ್ನು ಒದ್ದ ಹಾಗಾದರೆ? ಅವಳಿಗೆ ಅಳು ಬಂತು.

ಅಷ್ಟರಲ್ಲಿ ಆನೈಮಲೈಗೆ ಜೊತೆ ಬರಲೆಂದು ಅವಳ ಅಣ್ಣ ಶಿವಲಿಂಗಂ ಬಂದ. ಅವನದು ಕೊಯಮತ್ತೂರಿನಲ್ಲಿ ಹಳೇ ನಾಣ್ಯದ ಅಂಗಡಿ. ಚೀಲದಿಂದ ಭೂತಗನ್ನಡಿ ತೆಗೆದು ರೂಪಾಯಿ ನೋಡಿ ತಂಗಿಗೆ ಹೇಳಿದ.

"ಅಮ್ಮಿಣಿ, ಇದು ಹೊಡೀವಾಗ ಅಚ್ಚು ಅಲುಗಿದ ಕಾಸು. ಬೆಲೆ ಒಂದೇ ರೂಪಾಯಿ. ಅಚ್ಚಲ್ಲೇ ಅಕ್ಷರ ಎರಡು ಸಲ ಕೂತಿದ್ರೆ ಅದು ನಿಜವಾದ ಜೋಡಿ, ಬೆಲೆ ಅದಕ್ಕೆ."

"ಎರಡೂ ಒಂದೇ ಅಲ್ವಾ ಭಾವಾ?" ಅಂದ ಮಾಯಣ್ಣ.

"ನೀನು ಬಟ್ಟೆ ಥಾನಿಗೆ ಮುದ್ರೆ ಒತ್ತೀಯಲ್ಲ. ಕೈ ಜಾರಿದ್ರೆ?"

"ಆ ಥಾನಲ್ಲಿ ಮಾತ್ರ ಕೆಡ್ತದೆ."

"ಮುದ್ರೇಲೇ ಹೆಸರು ಎರಡು ಸಲ ಕೆತ್ತಿದ್ರೆ?"

"ಒತ್ತಿದ್ದಕ್ಕೆಲ್ಲಾ ಜೋಡಿ ಬೀಳ್ತದೆ. ಓ!" ಮಾಯಣ್ಣ ಮತ್ತೆ ತಲೆ ಕೆರೆದುಕೊಂಡ. "ಆದ್ರೆ ಕಾಸಿನ ಅಚ್ಚು ಸರ್ಕಾರದ ಹತ್ರ ಐತೆ. ನಾನೆಲ್ಲಿ ಹೋಗಿ ನೋಡ್ಲಿ?"

"ಕಾಸಲ್ಲೇ ಗುರುತು ಐತೆ," ಅಂದು ಶಿವಲಿಂಗಂ ತನ್ನ ಚೀಲದಿಂದ ನಿಜವಾದ ಜೋಡಿ ಅಚ್ಚಿನ ಒಂದು ಪರದೇಶದ ನಾಣ್ಯ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟ.

ಸುಬ್ಬಾತಾಳ್ ಮೊದಲು ಬಗ್ಗಿದಳು. "ನನಗೆ ನೀವೂ ಎರಡೆರಡು ಜನ ಕಾಣ್ತೀರಿ," ಅಂದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು.

ಅಂಗಮ್ಮ ಕಣ್ಣೊರೆಸಿಕೊಂಡು ನೋಡಿದಳು. "ಅಣ್ಣಾ, ನಮ್ಮದ್ರಲ್ಲಿ ಅಂಕಿ ಪಕ್ಕದ ಎರಡನೇ ಗೆರೆ ತಗ್ಗಲ್ಲಿ, ಚಪ್ಪಟೆಯಾಗಿ, ಜಗಲಿ ಕಟ್ಟಿದಂಗೆ ಐತೆ. ಅಂಕಿನೇ ಸಣ್ಣಗಾಗಿದೆ. ನಿಂದ್ರಲ್ಲಿ ಎರಡೂ ಉಬ್ಬಿ ನಿಂತವೆ. ಅಕ್ಷರ ದಪ್ಪ. ತುದಿ ಸೀಳಿದಂಗೆ ಐತೆ."

"ಅಷ್ಟೇ ಅಮ್ಮಿಣಿ! ತಗ್ಗಾಗಿ, ಚಪ್ಪಟೆಯಾಗಿ ಇದ್ರೆ ಅಲುಗಾಟ. ಉಬ್ಬಿ, ತುದಿ ಸೀಳಿದ್ರೆ ಅಚ್ಚಿನದು."

ಮಾಯಣ್ಣ ಭೂತಗನ್ನಡಿ ಹಿಡಿದು ಸಂತೆಗೆ ಓಡಿದ. ವೆಲ್ಲಿಂಗಿರಿ, "ಗಾಜು ಹಿಡಿದ್ರೆ ಕಾಸಿನ ಅದೃಷ್ಟ ಓಡಿಹೋಗ್ತದೆ," ಅಂತ ಗಂಟು ಕಟ್ಟಿ ತಾನೇ ಓಡಿಹೋದ.

ಮರುದಿನ ಮಾಸಾಣಿಯಮ್ಮನ ಹುಂಡಿಗೆ ರೂಪಾಯಿ ಬಿತ್ತು.

"ಅಮ್ಮ ಏನು ಹೇಳಿದ್ಲೋ, ನಂಗಿನ್ನೂ ತಿಳೀಲಿಲ್ಲ," ಅಂದ ಮಾಯಣ್ಣ.

ಅಂಗಮ್ಮ ಕಿವಿ ಮುಟ್ಟಿಕೊಂಡಳು. "ತೋಡು ಇಲ್ಲೇ ಐತೆ. ನಂಗೆ ತಿಳೀತು."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಗೂ ಜೋಡಿ ಅಕ್ಷರದ ಕಾಸು ಬಂದೀತು. ಗಾಬರಿ ಬೇಡ, ಆಸೆಯೂ ಬೇಡ. ಭೂತಗನ್ನಡಿ ಹಿಡಿದು ನೋಡಿ, ತಿಳಿದವರನ್ನು ಕೇಳಿ. ನೋಡಲು ಬಿಡದವನ ಹತ್ತಿರ ಕೊಳ್ಳಬೇಡಿ. ಕಾಸು ನೋಡುವ ಮೊದಲು ಕಿವಿಯ ತೋಡಿಗೆ ಮಾತ್ರ ಕೈ ಹಾಕಬೇಡಿ.