ಮಂಜುನಾಥಪ್ಪನ ಸಹಿ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದವರು ಕೈ ನಿಲ್ಲಿಸಿ ರಸ್ತೆಯ ಕಡೆ ನೋಡಿದರು. ಶುಂಠಿ ವ್ಯಾಪಾರಿ ನಟರಾಜನ ಜೀಪು ಅಂಗಳದವರೆಗೂ ಬಂದು ನಿಂತಿತು. ಅವನು ದೊಡ್ಡದೊಂದು ಹಾರ ಹಿಡಿದು ಇಳಿದ. ಹಿಂದೆ ಬಂದ ಆಳಿನ ಹೆಗಲ ಮೇಲೆ ಗಂಧದ ಕೊರಡು.

ಅಪ್ಪನ ತಲೆಯ ಬಳಿ ಕೂತಿದ್ದ ಲಿಖಿತಾ ಆ ವಾಸನೆ ಮೂಗಿಗೆ ಬಡಿದದ್ದೇ ಮುಖ ಆಚೆ ತಿರುಗಿಸಿದಳು.

"ಎಷ್ಟ್ ದೊಡ್ಡ ಮನ್ಸು ನೋಡಿ," ಎಂದಳು ಪಕ್ಕದ ಮನೆಯ ಕನ್ನಮ್ಮ. "ಮಂಜುನಾಥಪ್ಪಣ್ಣ ಇವ್ರ ಲಾರಿ ಕಾಗದ ಮಾಡ್ತಾನೇ ಮುದುಕ್ರಾದ್ರು. ಅದ್ಯಾವ್ದೋ ಗಡಿ ಹೆಸ್ರು ದಿನಾ ಬರ್ದ್ರು, ಒಂದ್ಸಲ ಹೋಗಿ ನೋಡ್ಲಿಲ್ಲ."

ನಿಜವೇ. ಸಾಗರ ಪೇಟೆಯ ಸಣ್ಣ ಕೋಣೆಯಲ್ಲಿ ಕೂತು ಅಪ್ಪ ಬಾಂಗ್ಲಾಕ್ಕೆ ಹೋಗುವ ಶುಂಠಿ ಲಾರಿಗಳಿಗೆ ಕಸ್ಟಮ್ಸ್ ಕಾಗದ ಮಾಡುತ್ತಿದ್ದರು. ಗಡಿಯ ಗೇಟು ತೆರೆದು ಲಾರಿಗಳು ಸಾಲಾಗಿ ದಾಟುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಮಗಳ ಹತ್ತಿರ ಹೇಳುತ್ತಲೇ ಇದ್ದರು. ಲಿಖಿತಾ ಅದೇ ಕೋಣೆಯಲ್ಲಿ ಅವರ ಜತೆ ಕೆಲಸ ಕಲಿತವಳು.

ನಟರಾಜ ಹಾರ ಹಾಕಿ, ಕೈಮುಗಿದು, ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ತಂಗಿ, ಲಾರಿ ಹೊರಟಾಗೈತೆ. ಅಪ್ಪನ ಸಹಿ ಕೀ ನಿನ್ ಹತ್ರ ಐತಲ್ಲ? ಸಂಜೆ ಒಳಗೆ ಒಂದ್ ಸಹಿ ಹಾಕ್ಬಿಡು."

ಕಂಪ್ಯೂಟರಿಗೆ ಸಿಕ್ಕಿಸಿದರೆ ಅಪ್ಪನ ಸಹಿ ಬೀಳುವ ಬೆರಳುದ್ದದ ಕೀ ಅದು.

"ಅಪ್ಪ ತೀರ್ಕೊಂಡಾರಲ್ಲ."

"ಕಂಪ್ಯೂಟ್ರಿಗೆ ಇನ್ನೂ ಗೊತ್ತಿಲ್ಲ," ಎಂದ ನಟರಾಜ. ಅವನು ನಗಲಿಲ್ಲ.

*

ಮೊನ್ನೆ ಸಂಜೆ ನಟರಾಜನ ಗೋದಾಮಿನಿಂದ ಬಂದ ಅಪ್ಪ ಕೈಕಾಲು ಕೂಡ ತೊಳೆಯದೆ ಅವಳ ಮುಂದೆ ಅಂಗೈ ಚಾಚಿದ್ದರು.

"ಮೂಸು."

ಶುಂಠಿಯ ಘಾಟು. ಅದರ ಹಿಂದೆಯೇ ಗಂಧ.

"ಮೂಟೆ ಒಳಗೆ ಕೈ ಹಾಕ್ದೆ. ಮೇಲಷ್ಟೇ ಶುಂಠಿ. ಕೆಳಗೆಲ್ಲ ಕಾಡಿಂದ ಕದ್ದ ಗಂಧದ ತುಂಡು. ಶುಂಠಿ ಅಂತ ಬರ್ದು ಸಹಿ ಹಾಕು ಅಂತಾನೆ ನಟರಾಜ."

"ನೀ ಎಂತ ಹೇಳ್ದೆ?"

"ಆಗಲ್ಲ ಅಂದೆ. ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ ಫಾರೆಸ್ಟ್‌ನೋರಿಗೆ ಹೇಳ್ತೀನಿ. ಕೀ ನಿನ್ ಹತ್ರ ಇರ್ಲಿ. ಅಮ್ಮಂಗೆ ಹೇಳ್ಬೇಡ, ಹೆದರ್ತಾಳೆ."

ಮರುದಿನ ಬೆಳಿಗ್ಗೆ ಶಿವಮೊಗ್ಗದ ದಾರಿಯಲ್ಲಿ, ರಿಪ್ಪನ್‌ಪೇಟೆ ತಿರುವಿನಲ್ಲಿ, ಚರಂಡಿಯೊಳಗೆ, ಅವರ ಸ್ಕೂಟರ್ ಸಿಕ್ಕಿತು. ಯಾವ ಲಾರಿ ಗುದ್ದಿತೋ, ಕಂಡವರಿಲ್ಲ.

*

ಗದ್ದೆಯಂಚಿನಲ್ಲಿ ಮಾವಿನ ಕಟ್ಟಿಗೆ ಒಟ್ಟಿದ್ದರು. ಹೆಣ್ಣುಮಕ್ಕಳು ಅಲ್ಲಿಗೆ ಬರಬಾರದೆಂದು ಯಾರೋ ತಡೆದರು.

"ಬರ್ಲಿ ಬಿಡಿ," ಎಂದಳು ತಾಯಿ ಜಲಜಮ್ಮ. "ಅವ್ಳೇ ಅಲ್ವಾ ಅವ್ರ ಜತೆಗಿದ್ದಿದ್ದು."

ಅಪ್ಪನ ಎದೆಯ ಮೇಲಿಟ್ಟಿದ್ದ ಗಂಧದ ಕೊರಡನ್ನು ಲಿಖಿತಾ ಎರಡೂ ಕೈಯಲ್ಲಿ ಎತ್ತಿ ಗದ್ದೆಗೆ ಎಸೆದಳು.

"ದುಃಖ, ಪಾಪ," ಎಂದಳು ಕನ್ನಮ್ಮ.

ತಮ್ಮ ಸಚಿನ್ ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತವನು. ಒದ್ದೆ ಪಂಚೆಯಲ್ಲಿ ನಡುಗುತ್ತ ಕೊಳ್ಳಿ ಇಟ್ಟ. ಉರಿ ಏರಿದಾಗ ಅವಳು ಮುಂದೆ ಹೋಗಿ ಕೀಯನ್ನು ಬೆಂಕಿಗೆ ಹಾಕಿದಳು. ಪ್ಲಾಸ್ಟಿಕ್ ಕರಗಿ ಕಪ್ಪು ಹೊಗೆ ಎದ್ದಿತು.

ನಟರಾಜ ನೋಡಿದ. ಸಿಟ್ಟಾಗಲಿಲ್ಲ. ಹತ್ತಿರ ಬಂದು ಮೆತ್ತಗೆ ಹೇಳಿದ:

"ಸುಟ್ರೆ ಸುಡ್ಲಿ ತಂಗಿ. ಇನ್ನೊಬ್ರ ಹೆಸ್ರಲ್ಲಿ ಹೊಸದು ಮಾಡ್ಸಣ."

ಆಮೇಲೆ ಅವನು ತನ್ನ ಶಾಲು ತೆಗೆದು ಸಚಿನ್‌ನ ಒದ್ದೆ ಹೆಗಲಿಗೆ ಹೊದಿಸಿದ. ಕತ್ತಿನ ಹಿಂದೆ ಕೈಯಿಟ್ಟು, ಏನನ್ನೋ ಹೇಳುತ್ತ, ಜೀಪಿನ ಕಡೆ ನಡೆಸಿಕೊಂಡು ಹೊರಟ.

"ಸಚ್ಚೀ!" ಲಿಖಿತಾ ಕೂಗಿದಳು. "ಏ ಸಚ್ಚೀ, ಇಲ್ನೋಡೋ!"

ಕೊಳ್ಳಿ ಇಟ್ಟವನು ಹಿಂತಿರುಗಿ ನೋಡಬಾರದೆಂದು ಹಿರಿಯರು ಅವನಿಗೆ ಆಗಲೇ ಹೇಳಿದ್ದರು. ಸಚಿನ್ ನೋಡಲಿಲ್ಲ. ಆಳು ಜೀಪಿನ ಹಿಂಬಾಗಿಲು ತೆರೆದು ಹಿಡಿದು ನಿಂತಿದ್ದ.