ಅನ್ವರಿ ಬೇಗಂ ಹೂಂ ಅಂದದ್ದು

ಇದು ಶುರುವಾದದ್ದು ಕಡಲೆ ಕೀಳುವ ಕಾಲದಲ್ಲಿ. ಬೆಳಗಿನ ಚಳಿ ಬಿಟ್ಟು ಬಿಸಿಲು ಬೆನ್ನಿಗೆ ಹತ್ತುವ ಹೊತ್ತು. ಹೊಲಕ್ಕೆ ಹೋದ ಹೆಂಗಸರು ಇನ್ನೂ ಬುತ್ತಿ ಬಿಚ್ಚಿರಲಿಲ್ಲ. ಔರಾದದಿಂದ ಚಿಂತಾಕಿ ಕಡೆಗೆ ಹೋಗುವ ಬಸ್ಸು ಕೈ ಮಾಡಿದರೆ ಮಾತ್ರ ನಿಲ್ಲುವ ಒಂದು ಸಣ್ಣ ಊರು. ಆ ಊರಿನ ಸರ್ಕಾರಿ ಶಾಲೆಯ ಆಫೀಸು ಕೋಣೆಯಲ್ಲಿ ಅವತ್ತು ಶಾಲಾ ಸಮಿತಿಯ ಸಭೆ ಕೂಡಿತ್ತು. ಕೂಡಿತ್ತು ಅನ್ನುವುದೂ ಹೆಚ್ಚೇ. ಅರ್ಧ ಮಂದಿ ಹೊಲದಲ್ಲಿದ್ದರು. ಬಂದವರಲ್ಲಿ ಹೆಂಗಸು ಅಂದರೆ ಅನ್ವರಿ ಬೇಗಂ ಒಬ್ಬಳೇ.

ಅನ್ವರಿ ಬೇಗಂ ಬಳೆ ಮಾರುವವಳು. ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದಳು. ಹೊರಕಟ್ಟೆಯ ಮೇಲೆ ಕೂತು, ಹೆಂಗಸರ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬೆರಳ ಗೆಣ್ಣು ಒತ್ತಿ ಮೆತ್ತಗೆ ಮಾಡಿ, ಗಾಜಿನ ಬಳೆ ಒಡೆಯದ ಹಾಗೆ ಏರಿಸುತ್ತಿದ್ದಳು. ಕೈ ಇನ್ನೊಬ್ಬರ ವಶದಲ್ಲಿದ್ದಾಗ ಮನುಷ್ಯರಿಗೆ ಬಾಯಿ ಸಡಿಲಾಗುತ್ತದೆ. ಅತ್ತೆ ಅಂದದ್ದು, ಗಂಡ ಕುಡಿದು ಬಂದದ್ದು, ತವರಿನವರು ಕರೆಯದೇ ಹೋದದ್ದು ಎಲ್ಲ ಹೊರಗೆ ಬರುತ್ತಿತ್ತು. ಅನ್ವರಿ ಬೇಗಂ ಬಳೆಯ ಮೇಲಿನ ಕಣ್ಣು ತೆಗೆಯದೆ ‘ಹೂಂ... ಹೂಂ’ ಅನ್ನುತ್ತಿದ್ದಳು. ಆ ಹೂಂಗೆ ಹೌದು ಅಂತ ಅರ್ಥವಲ್ಲ, ಅಲ್ಲ ಅಂತಲೂ ಅಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳು ಅಂತ. ಅತ್ತೆಗೂ ಹೂಂ, ಅದೇ ಮನೆಯ ಸೊಸೆಗೂ ಹೂಂ. ಒಬ್ಬರ ಮಾತು ಇನ್ನೊಬ್ಬರ ಅಂಗಳಕ್ಕೆ ಹೋದದ್ದಿಲ್ಲ.

ಅದಕ್ಕೇ ಸಮಿತಿಗೆ ಪಾಲಕರನ್ನು ಆರಿಸುವಾಗ ಓಣಿಯ ಕಾವೇರಿಬಾಯಿ ಎದ್ದು ನಿಂತು, ‘ಬಳಿ ಚಾಚಿನ್ನ ಹಾಕ್ರಿ. ಎಲ್ಲರ ಮಾತೂ ಹಿಡಿಸೋ ಕಿವಿ ಈ ಊರಾಗ ಅಕೀದೊಂದೇ ಅದ’ ಅಂದಿದ್ದಳು.

ಅನ್ವರಿ ಬೇಗಂ ಪಾಲಕಳಾದದ್ದು ಮೊಮ್ಮಗಳು ಸಾನಿಯಾಳಿಗಾಗಿ. ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಹೋದ ಹುಡುಗಿ, ಆಗ ಐದನೆಯ ತರಗತಿ. ಅಪ್ಪ ಮುಬಶ್ಶೀರ ಬೀದರದಲ್ಲಿ ಮನೆಗಳಿಗೆ ಬಣ್ಣ ಹಚ್ಚುತ್ತಾನೆ. ಮೈಲೂರಿನ ಒಂದು ಖೋಲಿಯಲ್ಲಿ ಜೊತೆಗಾರರ ಸಂಗಡ ಇರುತ್ತಾನೆ. ರಜೆ ಸಿಕ್ಕರೆ ಊರಿಗೆ ಬರುತ್ತಾನೆ. ಸಾನಿಯಾ ಶಾಲೆಯಲ್ಲಿ ಕೇಳಿದ ಪಾಠವನ್ನೆಲ್ಲ ಸಂಜೆ ದಾದಿಗೆ, ಅಂದರೆ ಈ ಅಜ್ಜಿಗೆ, ಒಪ್ಪಿಸುತ್ತಿದ್ದಳು. ದಾದಿ ಅದಕ್ಕೂ ಹೂಂ.

ಅವತ್ತು ಸಭೆಯಲ್ಲಿ ಮುಖ್ಯ ಗುರುಗಳಾದ ದತ್ತಾತ್ರೇಯ ಗುರುಜಿ ಕಾಗದ ಹಿಡಿದು ಓದಿದರು. ಅವರ ಮನೆ ಭಾಲ್ಕಿಯಲ್ಲಿ. ಮಗಳಿಗೆ ಜ್ವರವೆಂದು ಫೋನು ಬಂದಿತ್ತು, ಬಸ್ಸು ಹಿಡಿಯುವ ಅವಸರ ಇತ್ತು. ಓದಿದ್ದೆಲ್ಲ ದೊಡ್ಡ ಕನ್ನಡ. ‘ಹಾಜರಾತಿಯ ಕೊರತೆಯ ಹಿನ್ನೆಲೆಯಲ್ಲಿ ಆರು ಮತ್ತು ಏಳನೆಯ ತರಗತಿಗಳನ್ನು ಔರಾದದ ಶಾಲೆಯೊಂದಿಗೆ ವಿಲೀನಗೊಳಿಸಲು...’ ವಿಲೀನ ಅನ್ನುವ ಮಾತನ್ನು ಅನ್ವರಿ ಬೇಗಂ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಕ್ಕಳನ್ನು ಔರಾದಕ್ಕೆ ಏನೋ ತೋರಿಸಲಿಕ್ಕೆ ಒಯ್ಯುತ್ತಾರೆ ಅಂತ ಅವಳು ತಿಳಿದಳು. ಗುರುಜಿ ಒಂದೊಂದು ಸಾಲಿಗೂ ನಿಂತು ಚಷ್ಮದ ಮೇಲಿಂದ ನೋಡುತ್ತಿದ್ದರು. ಎದುರಿನವರು ಮಾತು ನಿಲ್ಲಿಸಿ ನೋಡಿದರೆ ಸುಮ್ಮನಿರುವುದು ಅವಳ ಪದ್ಧತಿಯಲ್ಲ. ಹೂಂ ಅಂದಳು. ಮುಂದಿನ ಸಾಲಿಗೂ ಹೂಂ ಅಂದಳು.

‘ಚಾಚಿನೇ ಹೂಂ ಅಂದ ಮ್ಯಾಲ ನಮ್ದೇನ್ರಿ ಗುರುಜಿ’ ಅಂದರು ಗಂಡಸರು. ಅವರ ಜೀವವೂ ಹೊಲದಲ್ಲೇ ಇತ್ತು. ಗುರುಜಿ ‘ಸರ್ವಾನುಮತ’ ಅಂತ ಬರೆದರು. ಚಹಾ ಬಂತು, ಕುಡಿದು ಎದ್ದರು.

ಬೇಸಿಗೆ ಕಳೆದು ಶಾಲೆ ತೆರೆದ ದಿನ ಸಾನಿಯಾ ಹೋದ ಹಾಗೆಯೇ ತಿರುಗಿ ಬಂದಳು. ಚೀಲ ಇಳಿಸಲಿಲ್ಲ.

‘ದಾದಿ, ಆರನೇತ್ತ ನಮ್ಮ ಸಾಲ್ಯಾಗ ಇಲ್ಲಂತ. ಔರಾದಕ್ಕ ಹೋಗ್ಬೇಕಂತ.’

‘ಯಾರಂದ್ರು?’

‘ಗುರುಜಿ. ಮೀಟಿಂಗಿನ್ಯಾಗ ಎಲ್ಲಾರೂ ಒಪ್ಪ್ಯಾರ ಅಂದ್ರು.’ ಹುಡುಗಿ ದಾದಿಯ ಮುಂದೆ ಬಂದು ನಿಂತಳು. ‘ನೀನೂ ಇದ್ದೆಲ್ಲ ದಾದಿ ಅಲ್ಲಿ. ಯಾಕ ಹೂಂ ಅಂದಿ?’

ಅನ್ವರಿ ಬೇಗಂ ಬುಟ್ಟಿಯನ್ನು ಅಲ್ಲೇ ಬಿಟ್ಟು ಶಾಲೆಗೆ ಹೋದಳು.

‘ನಾ ಒಪ್ಪೇನಿ ಅಂತ ಯಾವಾಗ ಅಂದೇರಿ ಗುರುಜಿ?’

‘ಸಾಲುಸಾಲಿಗೂ ಹೂಂ ಅಂದೀರಲ್ರಿ ಚಾಚಿ.’

‘ಅದು ಕೇಳ್ಲಿಕತ್ತೇನಿ ಅನ್ನೋ ಹೂಂ ರೀ. ಬಳಿ ಇಡೋವಾಗ ಅಂತೇನಲ್ರಿ, ಅದು.’

ಗುರುಜಿ ಚಷ್ಮ ತೆಗೆದು ಮೇಜಿನ ಮೇಲೆ ಇಟ್ಟರು. ಕೆಟ್ಟ ಮನುಷ್ಯರಲ್ಲ. ‘ಬರಿಯೋದ್ರಾಗ ಎರಡು ನಮೂನಿ ಹೂಂ ಇಲ್ಲರಿ ಚಾಚಿ’ ಅಂದರು ಮೆಲ್ಲಗೆ. ‘ನಾನರ ಬಿಡಿಸಿ ಹೇಳಬೇಕಿತ್ತು. ಬಸ್ಸಿನ ಗಡಿಬಿಡ್ಯಾಗಿದ್ದೆ.’

ಮರುದಿನ ಅವರೇ ಅವಳನ್ನು ಔರಾದದ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿಯ ಸಾಹೇಬರು ಪೂರ್ತಿ ಕೇಳಿಸಿಕೊಂಡರು. ‘ನಿಮ್ಮೂರವರೇ ಬ್ಯಾಡ ಅಂದದ್ದಮ್ಮಾ. ಬೇಕು ಅಂತ ಊರೇ ಕೂಡಿ ಇನ್ನೊಂದು ಠರಾವು ಮಾಡಿ ಕಳಸ್ರಿ. ನಾ ಮ್ಯಾಲ ಕಳಸ್ತೇನಿ’ ಅಂದರು.

ಊರಿಗೆ ಬಂದರೆ ಕಾವೇರಿಬಾಯಿ ದಾರಿಯಲ್ಲೇ ಅಡ್ಡ ನಿಂತಳು. ಅವಳ ಮಗನೂ ಈಗ ಔರಾದಕ್ಕೇ ಹೋಗಬೇಕು. ‘ನಮ್ಮತ್ತಿಗೂ ಹೂಂ ಅಂದಿ, ನನಗೂ ಹೂಂ ಅಂದಿ, ನಡೀತು ಚಾಚಿ. ಸರ್ಕಾರಕ್ಕೂ ಹೂಂ ಅಂದ್ರ ಹ್ಯಾಂಗ?’ ಅಂದುಬಿಟ್ಟಳು. ಮುದುಕಿಯ ಮುಖ ನೋಡಿದ ಮೇಲೆ ಅವಳ ಧ್ವನಿ ಇಳಿಯಿತು. ‘ನಾನೂ ಸಮಿತ್ಯಾಗ ಇದ್ದಾಕಿನೇ. ಕಡ್ಲಿ ಬಿಟ್ಟು ಬರ್ಲಿಲ್ಲ. ನಿನಗೊಬ್ಬಾಕಿಗೇ ಅಂದು ಏನು ಮಾಡ್ಲಿ.’

ಅವತ್ತಿನಿಂದ ಅನ್ವರಿ ಬೇಗಂ ಬುಟ್ಟಿಯಿಲ್ಲದೆ ಮನೆಮನೆಗೆ ಹೋದಳು. ಬರಿಗೈಯಲ್ಲಿ ಬಂದ ಬಳೆಗಾರ್ತಿಯನ್ನು ಊರು ಅದೇ ಮೊದಲು ನೋಡಿದ್ದು. ‘ಸಾಲಿ ಮೀಟಿಂಗ್ ಅದ, ಬರ್ರಿ. ಸಮಿತಿಯವ್ರೇ ಬೇಕಂತಿಲ್ಲ, ಎಲ್ಲಾರೂ ಬರ್ರಿ’ ಅಂದಳು. ಸೋಯಾ ಬಿತ್ತನೆ ಮುಗಿದ ಒಂದು ಭಾನುವಾರ, ಹೊಲದವರು ಮನೆಗೆ ಬಂದ ಮೇಲೆ, ಶಾಲೆಯ ಧ್ವಜಕಟ್ಟೆಯ ಮುಂದೆ ಜಮಖಾನ ಹಾಸಿ ಸಭೆ ಮಾಡಿದರು. ಕೋಣೆಯೊಳಗೆ ಹಿಡಿಸದಷ್ಟು ಜನ. ಗುರುಜಿ ಕಾಗದವನ್ನು ಒಮ್ಮೆ ಓದಿ, ಆಮೇಲೆ ಊರ ಮಾತಿನಲ್ಲಿ ಬಿಡಿಸಿ ಹೇಳಿದರು.

‘ಇವತ್ತ ಹೂಂ ನಡಿಯಂಗಿಲ್ರಿ’ ಅಂದರು. ‘ಇದು ಬಳಿ ಚಾಚಿ ಮಾಡಿದ ಕಾಯ್ದೆ. ಒಪ್ಪೇನಿ, ಇಲ್ಲಾ ಒಪ್ಪಂಗಿಲ್ಲ. ಬಾಯಿ ಬಿಟ್ಟು ಹೇಳ್ಬೇಕು.’

‘ನಮ್ಮ ಮನಿಯವ್ರಿಗೂ ಈ ಕಾಯ್ದೆ ಹಾಕ್ರಿ ಗುರುಜಿ’ ಅಂದಳು ಕಾವೇರಿಬಾಯಿ. ‘ಲಗ್ನ ಆದಾಗಿಂದ ಬರೇ ಹೂಂ ಮ್ಯಾಲೇ ಸಂಸಾರ ನಡಿಸ್ಯಾರ.’ ಅಂಗಳ ಪೂರ್ತಿ ನಕ್ಕಿತು. ಅವಳ ಗಂಡನೂ ನಕ್ಕ.

ಅನ್ವರಿ ಬೇಗಂನ ಸರದಿ ಬಂತು. ಯಾರ ಮುಖದ ಮೇಲೂ ಇಲ್ಲ ಅಂದು ಗೊತ್ತಿಲ್ಲದವಳು. ಸೆರಗು ಎಳೆದುಕೊಂಡು ಎದ್ದು ನಿಂತು, ‘ನಮ್ಮ ತರಗತಿ ಒಯ್ಯೋದಕ್ಕ ನಾ ಒಪ್ಪಂಗಿಲ್ಲ’ ಅಂದಳು. ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದ ಸಾನಿಯಾ ದಾದಿಯನ್ನೇ ನೋಡುತ್ತಿದ್ದಳು.

ಠರಾವು ಹೋಯಿತು. ಸೋಯಾ ಮೊಣಕಾಲೆತ್ತರ ಬಂದಾಗ ಉತ್ತರ ಬಂತು. ಗುರುಜಿ ಅದನ್ನೂ ಅಂಗಳದಲ್ಲೇ ಓದಿದರು. ತರಗತಿ ತಿರುಗಿ ಕೊಡಬಹುದು. ಆದರೆ ಈ ವರ್ಷದ ದಾಖಲಾತಿ ಮುಗಿದಿದೆ, ಬರುವ ವರ್ಷಕ್ಕೆ ನೋಡಲಾಗುವುದು. ಜನ ಗೆದ್ದೆವು ಅಂದರು. ಅನ್ವರಿ ಬೇಗಂ ಎದ್ದು ಮನೆಗೆ ನಡೆದಳು.

ಯಾಕೆಂದರೆ ಅಷ್ಟರಲ್ಲಿ ಮುಬಶ್ಶೀರ ಊರಿಗೆ ಬಂದಿದ್ದ. ‘ಬರೋ ವರ್ಷದ ತನಕ ಹುಡುಗಿ ಮನ್ಯಾಗ ಕೂಡ್ಬೇಕೇನಮ್ಮಾ?’ ಅಂದ.

‘ಅಲ್ಲೀತನಕ ಔರಾದಕ್ಕ ಹೋಗ್ಲಿ. ಬಸ್ ಅದ.’

‘ಸಂಜಿ ಬಸ್ ಕತ್ತಲಾದ ಮ್ಯಾಲ ಬರ್ತದ. ಯಾರು ಕಾಯ್ತಾರ?’

‘ನಾ ಕಾಯ್ತೇನಿ.’

‘ಹೊತ್ತು ಮುಳುಗಿದ್ರ ನಿನಗ ಎದುರಿನ ಗ್ವಾಡಿ ಕಾಣಂಗಿಲ್ಲ.’ ಅವನು ಸಿಟ್ಟಿನಿಂದ ಅಂದದ್ದಲ್ಲ. ‘ಭಾಲ್ಕ್ಯಾಗ ಅಕಿ ತಾಯಿ ತಂಗಿ ರುಖ್ಸಾರ ಕರೀಲಿಕತ್ತಾಳ. ಅವಳ ಕೂಸು ಎತ್ಕೊಂಡು, ಹೊಲಿಗಿ ಕಲ್ತು ಇರ್ಲಿ.’

‘ಮತ್ತ ಸಾಲಿ?’

‘ನೋಡೋಣ ಅಂದಾಳ.’

ಎಷ್ಟೋ ಮನೆಗಳ ಕಟ್ಟೆಯ ಮೇಲೆ ಕೂತು ಎದ್ದವಳು ಅನ್ವರಿ ಬೇಗಂ. ನೋಡೋಣ ಅಂದರೆ ಏನು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಗಲೂ ಆ ಊರಿನಲ್ಲಿ ಶಾಲೆಯ ಸಭೆ ಅಂಗಳದಲ್ಲೇ ಆಗುತ್ತದೆ. ಮೊದಲೇ ಓಣಿಓಣಿಗೆ ಹೇಳಿ ಕಳಿಸುತ್ತಾರೆ. ಹೂಂ ಅಂದರೆ ಬರೆದುಕೊಳ್ಳುವುದಿಲ್ಲ. ಮರುವರ್ಷ ಆರು, ಏಳನೆಯ ತರಗತಿಗಳು ತಿರುಗಿ ಬಂದವು, ಕಾವೇರಿಬಾಯಿಯ ಮಗ ಅಲ್ಲೇ ಓದುತ್ತಾನೆ. ಸಾನಿಯಾ ಭಾಲ್ಕಿಯಿಂದ ಬರಲಿಲ್ಲ. ರುಖ್ಸಾರಳಿಗೆ ಇನ್ನೊಂದು ಕೂಸು ಆಗಿತ್ತು.

ಹಿಂದೆ, ಭಾಲ್ಕಿಗೆ ಹೋಗುವ ದಿನ, ಸಾನಿಯಾಳ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾದಿ ಹಸಿರು ಬಳೆ ಏರಿಸಿದಳು. ಮೆತ್ತನೆಯ ಸಣ್ಣ ಕೈ, ಒತ್ತಬೇಕಾಗಲೇ ಇಲ್ಲ. ಅವತ್ತು ಮಾತಾಡಿದವಳು ದಾದಿ, ಕೇಳಿದವಳು ಮೊಮ್ಮಗಳು.

‘ಬರೋ ವರ್ಷ ತರಗತಿ ಬರ್ತದಂತ ಬೇಟಿ.’

‘ಹೂಂ.’

‘ಬಂದ ಕೂಡ್ಲೇ ನೀ ಬರ್ಬೇಕು.’

‘ಹೂಂ.’

‘ದಾದಿ ಮ್ಯಾಲ ಸಿಟ್ಟಿಲ್ಲಲ್ಲ?’

ಹುಡುಗಿ ಬಳೆಯ ಮೇಲಿನ ಕಣ್ಣು ತೆಗೆಯಲಿಲ್ಲ. ‘ಹೂಂ’ ಅಂದಳು.

ಬಾಯಿ ಬಿಟ್ಟು ಹೇಳು ಅನ್ನಬೇಕು ಅನಿಸಿತು ಅನ್ವರಿ ಬೇಗಂಗೆ. ಅನ್ನಲಿಕ್ಕೆ ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಮುಬಶ್ಶೀರ ರಸ್ತೆಗೆ ಹೋಗಿ ಬಸ್ಸಿಗೆ ಕೈ ಮಾಡಿದ.

ಸಾನಿಯಾ ಭಾಲ್ಕಿಗೆ ಹೋದಳು.